ಒಡೆಯದೆ ಅಲ್ಲಾಡಿಸಿದ ಇನ್ನೂರ ಹನ್ನೆರಡು ಕಡತ

ಹೊನ್ನವಳ್ಳಿಯ ಧನ್ಯಶ್ರೀ ಆ ಬೆಳಿಗ್ಗೆ ಲ್ಯಾಪ್‌ಟಾಪನ್ನು ಎತ್ತಿ ತಿಪ್ಪೆಗೆ ಹಾಕುವುದೊಂದು ಬಾಕಿ ಇತ್ತು.

ತೋಟದ ಮೋಟರು ಓಡಿಸುವ ತ್ರೀಫೇಸ್ ಕರೆಂಟು ಬರುವ ವೇಳೆಯನ್ನು ವಿದ್ಯುತ್ ಕಚೇರಿಯವರು ಜಾಲತಾಣಕ್ಕೆ ಹಾಕುತ್ತಿದ್ದರು. ಸ್ಕ್ಯಾನ್ ಮಾಡಿದ ಇನ್ನೂರ ಹನ್ನೆರಡು ಭಾರೀ ಕಡತ. ಇವತ್ತು ಯಾವ ಊರು ಯಾವುದರಲ್ಲಿದೆಯೋ ತೆರೆದೇ ನೋಡಬೇಕು. ಹೊಸದಾಗಿ ಬದಲಾದದ್ದನ್ನು ಮಾತ್ರ ತಾನಾಗಿಯೇ ಇಳಿಸಿಕೊಳ್ಳುವ ಸ್ಕ್ರಿಪ್ಟೊಂದನ್ನು ಧನ್ಯಶ್ರೀ ಬರೆದಳು. ವೇಳೆ ಓದಿ ವಾಟ್ಸಾಪ್ ಗುಂಪಿಗೆ ಕಳಿಸುತ್ತೇನೆಂದು ಸುತ್ತಲಿನ ಊರಿಗೆಲ್ಲ ಡಂಗುರವನ್ನೂ ಹೊಡೆದಳು. ಅತ್ತೆ ಚಿಕ್ಕಗೌರಮ್ಮನಂತೂ ಆ ಗುಂಪನ್ನು ಒಂದು ದಿನವೂ ತೆರೆದು ನೋಡಿದವರಲ್ಲ.

ಎಡವಟ್ಟಾದದ್ದು ಇಲ್ಲಿ. ಕಚೇರಿಯವರು ದಿನಾ ಬೆಳಿಗ್ಗೆ ಎಲ್ಲ ಕಡತಗಳನ್ನೂ ಇದ್ದದ್ದು ಇದ್ದಂತೆ ಮತ್ತೆ ಏರಿಸುತ್ತಿದ್ದರು. ತಾರೀಖು ಹೊಸದು, ಒಳಗಿನ ಮಾಲು ಹಳೆಯದು! ತಾರೀಖು ನಂಬಿದ ಸ್ಕ್ರಿಪ್ಟು ಎಲ್ಲವನ್ನೂ ಬಾಚಲು ಹೋಗಿ, ದಿನದ ಡೇಟಾ ನುಂಗಿ ನೀರು ಕುಡಿದು ಅರ್ಧಕ್ಕೇ ನಿಲ್ಲುತ್ತಿತ್ತು. ವಾರವಿಡೀ ವೇಳೆ ತಪ್ಪಿ ಮನೆಯ ಅರವತ್ತು ತೆಂಗಿನ ಸಸಿಗಳ ಸುಳಿ ಬಾಡಿತ್ತು. ಇವತ್ತೂ ನೀರಿಲ್ಲದಿದ್ದರೆ ಅವು ಉಳಿಯುವಂತಿರಲಿಲ್ಲ.

ಪಕ್ಕದ ತೋಟದ ಬಸವರಾಜು ಫೋನಿನಲ್ಲೇ ಬೈದಿದ್ದ: “ನಿನ್ ಮೆಸೇಜು ನಂಬ್ಕಂಡು ಮನೇಲಿ ಕೂತೆ ಕಣಮ್ಮ. ಇವತ್ತೂ ಹಿಂಗೇ ಆದ್ರೆ ನಾವೆಲ್ಲ ಗುಂಪು ಬುಟ್ಟು ಹೋಯ್ತೀವಿ.”

ಅಷ್ಟರಲ್ಲಿ ಅಟ್ಟದಿಂದ ಅತ್ತೆ ಕೂಗಿದರು. ಕೊಬ್ಬರಿಯಾಗಲೆಂದು ವರ್ಷದಿಂದ ಒಣಗಲಿಟ್ಟಿದ್ದ ಕಾಯಿ ಇಳಿಸಬೇಕಿತ್ತು. ಹತ್ತಿ ಹೋದ ಧನ್ಯಶ್ರೀ ರಾಶಿಯ ಪಕ್ಕ ಸುಣ್ಣದಲ್ಲಿ ಬರೆದಿದ್ದ ತಾರೀಖು ನೋಡಿದವಳೇ ಒಂದು ಕಾಯಿಗೆ ಮಚ್ಚು ಎತ್ತಿದಳು.

“ಅಯ್ಯೋ ತಡಿಯೇ! ತಾರೀಖು ನೋಡಿ ಒಡೀತಾರಾ? ಅಲ್ಲಾಡ್ಸು. ಕೊಬ್ಬರಿ ಚಿಪ್ಪು ಬುಟ್ಕಂಡಿದ್ರೆ ಅದೇ ಹೇಳ್ತದೆ. ಒಡೀದೇ ಗೊತ್ತಾಗೋದನ್ನ ಒಡ್ದು ಯಾಕ್ ನೋಡ್ಬೇಕು?”

ಕಿವಿಯ ಬಳಿ ಕಾಯಿ ಗಡಗಡ ಎಂದಿತು. ಧನ್ಯಶ್ರೀಗೆ ತನ್ನ ಸ್ಕ್ರಿಪ್ಟು ನೆನಪಾಯಿತು. ಕಾಯನ್ನು ಅತ್ತೆಯ ಕೈಗೆ ತುರುಕಿ, ಏಣಿಯ ಎರಡೆರಡು ಮೆಟ್ಟಿಲು ಹಾರಿ ಇಳಿದಳು.

ಬದಲಿಸಿದ್ದು ನಾಲ್ಕೇ ಸಾಲು. ತಾರೀಖು ಕೇಳಬೇಡ. ಕಡತ ಇಳಿಸದೆ ಅದರ ಗಾತ್ರವನ್ನಷ್ಟೇ ಕೇಳು. ನಮ್ಮ ಹತ್ತಿರವಿರುವ ಹಳೆಯ ಪ್ರತಿಗಿಂತ ಬೇರೆಯಾಗಿದ್ದರೆ ಮಾತ್ರ ಇಳಿಸು.

ಪರದೆಯ ಮೇಲೆ ಸಾಲುಗಳು ಓಡಿದವು. ಅದೇ, ಅದೇ, ಅದೇ... ಇನ್ನೂರ ಹನ್ನೆರಡರಲ್ಲಿ ಬದಲಾದದ್ದು ಮೂರೇ ಮೂರು! ಮೂರೂ ಇಳಿಯಲು ಒಂದು ನಿಮಿಷ ಹಿಡಿಯಲಿಲ್ಲ. ಮೂರನೆಯದರಲ್ಲಿ ಹೊನ್ನವಳ್ಳಿ ಇತ್ತು. ಮಧ್ಯಾಹ್ನ ಮೂರಕ್ಕೆ ಬರಬೇಕಿದ್ದ ಕರೆಂಟು ಇವತ್ತು ಹನ್ನೊಂದಕ್ಕೆ. ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷ.

ತಕ್ಷಣ ಗುಂಪಿಗೆ ಬರೆದಳು. ಉಳಿದೆರಡು ಕಡತಗಳ ಊರುಗಳನ್ನೂ ಹುಡುಕಿ ಒಂದೊಂದರ ವೇಳೆಯನ್ನೂ ಕಳಿಸಿ ತಲೆಯೆತ್ತಿದಾಗ ಬಸವರಾಜುವಿನ ಮೋಟರು ಶುರುವಾಗಿತ್ತು. ಅದರಾಚೆ ಇನ್ನೊಂದು, ಮತ್ತೊಂದು. ಖುಷಿಗೆ ಕುಣಿಯಬೇಕೆನ್ನುವಾಗ ಥಟ್ಟನೆ ಹೊಳೆಯಿತು. ನಮ್ಮ ಮೋಟರು ಹಾಕಿದವರಾರು?

ಚಪ್ಪಲಿಯನ್ನೂ ಮೆಟ್ಟದೆ ತೋಟಕ್ಕೆ ಓಡಿದಳು. ಸಸಿಗಳ ಪಾತಿಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಸೀರೆ ಎತ್ತಿಕಟ್ಟಿದ ಚಿಕ್ಕಗೌರಮ್ಮ ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದರು.

“ಮೆಸೇಜು ನಂಗೂ ಬಂತು ಕಣೇ. ನೀನು ಬರೋಗಂಟ ಕಾಯ್ಲಾ?” ಎಂದು ಅವರು ಮುಂದಿನ ಪಾತಿಗೆ ನೀರು ತಿರುಗಿಸಿದರು.