ಎರಡು ಸಲ ಸಾಯಲಾಗದ ಮುತ್ತ

ಕಛೇರಿಯ ಜಗಲಿಯ ಮೇಲೆ ಕುಳಿತ ಕುಳ್ಳಿಗೆ ಒಳಗಿದ್ದವರ ಮೇಲೆ ಸಿಟ್ಟೇನೂ ಇರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಎದುರಿನವರಿಗೆ ಒಂದಿಷ್ಟು ತೂಕ ಇರಬೇಕು. ಗುಮಾಸ್ತ ಸಿದ್ದಮಲ್ಲಪ್ಪನನ್ನು ಅವಳು ಮಳೆ ಹಿಡಿದಾಗಿನಿಂದ ನೋಡುತ್ತಿದ್ದಳು. ಬೆಳಿಗ್ಗೆ ಬಂದು ಕೋಟನ್ನು ಕುರ್ಚಿಗೆ ತಗುಲಿಹಾಕಿ ಕಾಫಿಗೆ ಹೊರಟುಬಿಡುತ್ತಿದ್ದ. ಊಟದ ಹೊತ್ತಿನವರೆಗೆ ಕೋಟೇ ಕಛೇರಿ ನಡೆಸುತ್ತಿತ್ತು. ಕುಳ್ಳಿಗೇನೋ ಕೋಟೇ ವಾಸಿ ಅನ್ನಿಸಿತ್ತು, ಅದು ಬಯ್ಯುತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದು ಇಷ್ಟೇ: ಗಂಡ ಮುತ್ತ ಸತ್ತಿದ್ದಾನೆ ಎಂದು ಸರ್ಕಾರ ಒಪ್ಪಬೇಕು. ಅಣೆಕಟ್ಟೆಯ ನೀರು ಕಾಕನಕೋಟೆ ಕಾಡಿನ ಅವರ ಹಾಡಿಯನ್ನು ಗುಡಿಸಲುಗಳ ಸಮೇತ ನುಂಗಿದ ಮೇಲೆ, ಅಂತರಸಂತೆಯ ಆಚೆ ಎರಡೆಕರೆ ಹೊಲವನ್ನು ‘ಜೋಗಯ್ಯನ ಮಗ ಮುತ್ತ’ ಎಂಬ ಹೆಸರಿಗೆ ಕೊಟ್ಟಿದ್ದರು. ಮುತ್ತ ಪೊದೆ ಕಡಿದು, ಕಲ್ಲು ಆರಿಸಿ, ಒಂದು ರಾಗಿ ಬೆಳೆ ಕಂಡ. ಹೋದ ಬೇಸಿಗೆಯಲ್ಲಿ ಚಳಿಜ್ವರ ಬಂತು, ಹೋಗೇಬಿಟ್ಟ. ಈಗ ಹೊಲ ಮಗನ ಹೆಸರಿಗೆ ಆಗಬೇಕು. ದೀಪಾವಳಿಯೊಳಗೆ ಆಗದಿದ್ದರೆ ಸರ್ಕಾರಕ್ಕೆ ವಾಪಸು. ಇನ್ನೊಂದು ಸಲ ಎಬ್ಬಿಸಿದರೆ ಹೋಗುವುದಕ್ಕೆ ಅವರಿಗೆ ಕಾಡೂ ಇರಲಿಲ್ಲ.

ಒಳಗೆ ಮೈಸೂರಿನ ಕಾಲೇಜು ಮೇಷ್ಟರೊಬ್ಬರು ಕುಳಿತಿದ್ದರು, ಶಿವನಂಜಪ್ಪ ಅಂತ. ಕಾಡಂಚಿನ ಹಾಡಿಗಳಲ್ಲಿ ಯಾರು ಯಾವ ರೋಗಕ್ಕೆ ಸಾಯುತ್ತಾರೆ ಎಂದು ಸಂಶೋಧನೆ ಮಾಡಲು ಬಂದವರು. ಹಾಡಿಗೆ ಹೋಗಲಿಲ್ಲ, ಜಿಗಣೆ ಕಾಟವಂತೆ. ಅವರಿಗೆ ಫ್ಯಾನಿನ ಕೆಳಗೆ ಮೇಜು ಹಾಕಿ, ಮರಣದ ರಿಜಿಸ್ಟರುಗಳನ್ನೆಲ್ಲ ಧೂಳು ಕೊಡವಿ ಇಟ್ಟಿದ್ದರು. ಸತ್ತವರನ್ನು ಎಣಿಸಿದರೆ ಡಾಕ್ಟರ್ ಪದವಿ ಕೊಡುತ್ತಾರಂತೆ. ಸಾಯುವವರನ್ನು ಉಳಿಸಿದರೆ ಏನು ಕೊಡುತ್ತಾರೋ ಎಂದುಕೊಂಡಳು ಕುಳ್ಳಿ.

“ಆಶ್ಚರ್ಯ ಕಣ್ರೀ ಸಿದ್ದಮಲ್ಲಪ್ನೋರೆ,” ಎಂದರು ಮೇಷ್ಟರು, ಕುಳ್ಳಿಯ ಹಾಡಿಯ ಪುಟಗಳನ್ನು ತಿರುವುತ್ತಾ. “ಈ ಹಾಡಿಯಲ್ಲಿ ಇಷ್ಟು ವರ್ಷಕ್ಕೆ ಒಂದೇ ಸಾವು!”

“ಕಾಡಿನ ಗಾಳಿ ಸಾರ್. ಜೇನುತುಪ್ಪ, ಗೆಡ್ಡೆ ಗೆಣಸು. ನಮ್ಮ ಹಾಗಲ್ಲ ಅವರು.”

ಮೇಷ್ಟರು ಅದನ್ನೂ ಬರೆದುಕೊಂಡರು.

ಕುಳ್ಳಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ಬೇಸಿಗೆಯಲ್ಲಿ ಮಣ್ಣು ಮಾಡಿದ್ದಳು. ಸಾವು ಬರೆದುಕೊಳ್ಳಬೇಕಾದ ಶಾನುಭೋಗ ಯಾವತ್ತೂ ಹೊಳೆ ದಾಟಿ ಹಾಡಿಗೆ ಬಂದವನಲ್ಲ. ವರ್ಷದ ಕೊನೆಗೆ ಈಚೆ ದಡದಲ್ಲೇ ನಿಂತು ‘ಎಲ್ಲಾ ಕ್ಷೇಮ’ ಎಂದು ಗೀಚಿಕೊಂಡು ಹೋಗುತ್ತಿದ್ದ. ಆ ಒಂದು ಸಾವು ದಾಖಲಾಗಿದ್ದೂ ಸತ್ತವನ ಪುಣ್ಯದಿಂದಲ್ಲ. ಸರ್ಕಾರದ ಆನೆ ಅವಳ ಗಂಡನ ತಾತನನ್ನು ತುಳಿದಿತ್ತು. ಆನೆಯ ಕಾಲಿಗೆ ಏನಾದರೂ ಆಯಿತೇನೋ ಎಂದು ನೋಡಲು ಕಾಡಿನ ಇಲಾಖೆಯ ಸಾಹೇಬರೇ ಬಂದಿದ್ದರು, ಜೊತೆಗೆ ತಾತನ ಹೆಸರನ್ನೂ ಬರೆದುಕೊಂಡರು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರೆ. ಹಾಡಿಯವನು ಇದ್ದರೂ ಇಲ್ಲ, ಸತ್ತರೂ ಇಲ್ಲ.

ಕೊನೆಗೂ ಅವಳನ್ನು ಕರೆದರು. ಸಿದ್ದಮಲ್ಲಪ್ಪ ಮೇಷ್ಟರ ಮುಂದಿದ್ದ ಪುಟದ ಮೇಲೆ ಬೆರಳಿಟ್ಟು ನಕ್ಕ.

“ಜೋಗಯ್ಯನ ಮಗ ಮುತ್ತ. ಇವ್ನು ಐವತ್ತೊಂದರಲ್ಲೇ ಸತ್ತಿದಾನಲ್ಲಮ್ಮ! ಸತ್ತವನನ್ನ ಇನ್ನೊಂದ್ಸಲ ಹೇಗೆ ಸಾಯಿಸ್ಲಿ?”

“ಅದು ನಮ್ಮ ಯಜಮಾನನ ತಾತ ಬುದ್ದಿ. ತಾತನ ಎಸ್ರು ಮೊಮ್ಮಗನಿಗೆ ಇಕ್ಕೋದು ನಮ್ಮ ಮನೇಲಿ. ಮುತ್ತನ ಮಗ ಜೋಗಯ್ಯ, ಜೋಗಯ್ಯನ ಮಗ ಮುತ್ತ. ಅಂಗೇ ನಡ್ಕೊಂಡ್ ಬಂದದೆ.”

“ಹೆಸರು ಅದೇ, ಅಪ್ಪನ ಹೆಸರೂ ಅದೇ, ಹಾಡಿನೂ ಅದೇ. ನಿನ್ನ ಗಂಡ ಬೇರೆ ಅನ್ನೋಕೆ ಏನಿದೆ?”

ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವಳು ಎದುರಿಗೇ ನಿಂತಿದ್ದಳು. ಅದು ಅವನಿಗೆ ಸಾಕ್ಷಿಯಾಗಿ ಕಾಣಲಿಲ್ಲ.

“ನೋಡ್ಕೊಂಡು ಬರೀರಿ,” ಎಂದರು ಮೇಷ್ಟರು. “ಒಬ್ಬನನ್ನೇ ಎರಡು ಸಲ ಹಿಡಿದರೆ ನನ್ನ ಲೆಕ್ಕವೆಲ್ಲ ಕೆಡುತ್ತೆ.”

ಕುಳ್ಳಿ ಸೆರಗಿನ ಗಂಟು ಬಿಚ್ಚಿ ಹೊಲದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. “ಆಗ್ಲಿ ಬುದ್ದಿ. ಐವತ್ತೊಂದ್ರಲ್ಲಿ ಸತ್ತೋನಿಗೆ ಮೊನ್ನೆ ಮೊನ್ನೆ ಹೊಲ ಕೊಟ್ಟೋರು ಯಾರು?”

ಚೀಟಿಯ ಕೊನೆಯಲ್ಲಿದ್ದದ್ದು ಸಿದ್ದಮಲ್ಲಪ್ಪನದೇ ರುಜು. ಅವನ ಮುಖ ಹುಳ್ಳಗಾಯಿತು. ಹೆಣಕ್ಕೆ ಜಮೀನು ಮಂಜೂರು ಮಾಡಿದ ಗುಮಾಸ್ತ ಎಂದರೆ ಕೆಲಸ ಉಳಿದೀತೆ? ಚೀಟಿಯನ್ನು ಸರಕ್ಕನೆ ಮಡಚಿ, ದನಿ ತಗ್ಗಿಸಿ, ಆದರೂ ಗತ್ತು ಬಿಡದೆ ಹೇಳಿದ:

“ಹಾಗಾದ್ರೆ ಮುತ್ತ ಬದುಕಿದಾನೆ. ನಾಳೆ ಕರ್ಕೊಂಡು ಬಾ, ಹೆಬ್ಬೆಟ್ಟು ಒತ್ತಲಿ. ಹೊಲ ಅವನ ಹೆಸರಲ್ಲೇ ಭದ್ರವಾಗಿರುತ್ತೆ. ಬರದಿದ್ರೆ ವಾಪಸು.”

ಸತ್ತವನನ್ನು ಎಲ್ಲಿಂದ ತರುತ್ತಾಳೆ ಎಂದು ಅವನು ಕೇಳಿಕೊಳ್ಳಲಿಲ್ಲ. ಕುಳ್ಳಿ ಚೀಟಿ ಎತ್ತಿಕೊಂಡು ಹೊರಟಳು. ದಾರಿಯುದ್ದಕ್ಕೂ ಅವಳಿಗೆ ನಗು ಬರುತ್ತಿತ್ತು.

ಮಾರನೆಯ ದಿನ ಸೊಂಟದ ಮೇಲೆ ಕೂಸು ಹೊತ್ತು ಬಂದಳು. ಮಗ ಜೋಗಯ್ಯನ ಮಗ, ಗಂಡ ಸತ್ತ ಮೇಲೆ ಹುಟ್ಟಿದ್ದು, ಇನ್ನೂ ಹಲ್ಲು ಬಂದಿರಲಿಲ್ಲ.

“ಕರ್ಕೊಂಡ್ ಬಂದಿವ್ನಿ ಬುದ್ದಿ. ಜೋಗಯ್ಯನ ಮಗ ಮುತ್ತ. ಜೀವಂತ ಅವ್ನೆ, ಮುಟ್ಟಿ ನೋಡಿ.”

ಸಿದ್ದಮಲ್ಲಪ್ಪ ಕೂಸನ್ನು ನೋಡಿದ, ಕಾಗದ ನೋಡಿದ. ಹೆಸರಿತ್ತು, ಅಪ್ಪನ ಹೆಸರಿತ್ತು, ಹಾಡಿ ಇತ್ತು. ವಯಸ್ಸು ಬರೆಯುವ ಜಾಗ ಇರಲಿಲ್ಲ. ತನ್ನ ಕುತ್ತಿಗೆ ಉಳಿಯುವುದಾದರೆ ಕಣ್ಣು ಕಂಡದ್ದನ್ನೂ ಕಂಡಿಲ್ಲ ಅನ್ನುವ ಜಾತಿ ಅವನದು. ಇಂಕಿನ ಡಬ್ಬಿ ಎಳೆದು ಕೂಸಿನ ಹೆಬ್ಬೆರಳನ್ನು ಅದ್ದಿ ಒತ್ತಿದ. ಕೂಸು ಕಿಟಾರನೆ ಕಿರುಚಿತು.

“ಸಾರ್, ಆ ಮುತ್ತ ಬದುಕಿದಾನೆ. ಹಾಜರಾದ,” ಎಂದು ಮೇಷ್ಟರಿಗೆ ಹೇಳಿದ.

ಮೇಷ್ಟರು ತಲೆ ಎತ್ತಲಿಲ್ಲ. ಎತ್ತಿದ್ದರೆ, ಅಳುವುದು ಯಾರೆಂದು ನೋಡಿದ್ದರೆ ಸಾಕಿತ್ತು. “ಹಾಗಾದರೆ ಐವತ್ತೊಂದರದ್ದು ತಪ್ಪು ದಾಖಲೆ,” ಎಂದು ಹೇಳಿ, ತಾವು ಬರೆದುಕೊಂಡಿದ್ದ ಒಂದೇ ಒಂದು ಸಾವಿನ ಮೇಲೂ ಗೀಟೆಳೆದರು. ಹಾಡಿಯಲ್ಲಿ ಸತ್ತವರು ಯಾರೂ ಇಲ್ಲ ಎಂದಾಯಿತು. ಆನೆ ತುಳಿದವನೂ ಎದ್ದು ಕೂತ.

ಕುಳ್ಳಿ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದಳು. ರಸ್ತೆಗೆ ಬಂದ ಮೇಲೆ ಕಛೇರಿಯ ಕಡೆ ತಿರುಗಿ ಥೂ ಎಂದು ಉಗಿದಳು. ಹೊಲ ಉಳಿದಿತ್ತು. ಅಷ್ಟರಮಟ್ಟಿಗೆ ಗೆದ್ದಿದ್ದಳು.

ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ, ಮುತ್ತನನ್ನು ಮಣ್ಣು ಮಾಡಿದ ಜಾಗವಿತ್ತು. ಕೂಸನ್ನು ಅಲ್ಲಿ ಇಳಿಸಿ, ಉಗುಳು ಹಚ್ಚಿ ಅದರ ಬೆರಳಿನ ಇಂಕನ್ನು ಉಜ್ಜಿದಳು. ಹೋಗಲಿಲ್ಲ. ಆಗ ಬೆಳಗಿನಿಂದ ತಡೆದಿದ್ದ ಅಳು ಒತ್ತರಿಸಿಕೊಂಡು ಬಂತು.

“ನೀನಿನ್ನೂ ಸತ್ತಿಲ್ವಂತೆ ಕಣ,” ಎಂದಳು ಮಣ್ಣಿಗೆ. “ಎದ್ದು ಬಾ ಮತ್ತೆ. ರಾಗಿ ಒಳಗೆ ಕಳೆ ಬೆಳ್ಕೊಂಡದೆ.”