ಕ್ಯಾಸಲ್‌ರಾಕಿನ ಯುದ್ಧಕೈದಿ

ಗೋವಾದ ಮೇಲೆ ದಂಡು ಇಂದೋ ನಾಳೆಯೋ ಹೊರಡುತ್ತದೆ ಎನ್ನುತ್ತಿದ್ದ ೧೯೬೧ರ ಡಿಸೆಂಬರಿನಲ್ಲಿ, ಕ್ಯಾಸಲ್‌ರಾಕಿನ ಕೆಳಗಿನ ಕಾಡುದಾರಿಯ ಪೊಲೀಸ್ ನಾಕಾಕ್ಕೆ ಅಂದಾನೆಪ್ಪ ಎಂಬ ಹೊಸ ಫೌಜದಾರ ಬಂದ. ರೋಣದ ಕಡೆಯ ಎರೆಭೂಮಿಯವನು. ಇಷ್ಟೊಂದು ಮರಗಳನ್ನು ಒಂದೇ ಕಡೆ ಕಂಡವನಲ್ಲ. ಪ್ರತಿ ಮರದ ಹಿಂದೆಯೂ ಪೋರ್ಚುಗೀಸ ಸಿಪಾಯಿಯೊಬ್ಬ ನಿಂತಿದ್ದಾನೆಂದೇ ಅವನ ಎಣಿಕೆ.

ಬರುವ ಮೊದಲು ಮೇಲಧಿಕಾರಿಯೊಬ್ಬರು ಹೇಳಿದ ಎರಡು ಮಾತು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದವು. ಪೋರ್ಚುಗೀಸರು ಆಫ್ರಿಕಾದಿಂದ ಕರಿಯ ಪಲ್ಟಣ ತಂದು ಗೋವಾದಲ್ಲಿ ಇಟ್ಟಿದ್ದಾರೆ ಎಂಬುದು ಒಂದು. ಯುದ್ಧಕೈದಿ ಸಿಕ್ಕರೆ ಹೊಡೆಯಬಾರದು, ನಮ್ಮ ಸಿಪಾಯಿಗೆ ಹಾಕುವ ಊಟವನ್ನೇ ಹಾಕಬೇಕು, ಹಾಗೆಂದು ದೇಶದೇಶಗಳು ಕೂಡಿ ಕರಾರು ಮಾಡಿಕೊಂಡಿವೆ ಎಂಬುದು ಇನ್ನೊಂದು. ಇದೇ ಕಾಡಿನಲ್ಲಿ ತಲೆಮಾರುಗಳಿಂದ ಸಿದ್ದಿಗಳು ಗದ್ದೆ ಮಾಡಿಕೊಂಡಿದ್ದಾರೆ, ಅವರ ಹಿರಿಯರೂ ಆಫ್ರಿಕಾದಿಂದಲೇ ಬಂದವರು ಎಂಬ ಮೂರನೆಯ ಮಾತನ್ನು ಯಾರೂ ಹೇಳಿರಲಿಲ್ಲ.

ಬಸ್ತ್ಯಾಂವ ಸಿದ್ದಿ ಸಿಕ್ಕಿಬಿದ್ದದ್ದು ಹೊತ್ತೇರುವ ಸಮಯಕ್ಕೆ. ನಾಕಾದಿಂದ ಒಂದು ಗುಡ್ಡದಾಚೆಯ ಹಳ್ಳಿಯವನು. ಕ್ರಿಸ್ಮಸ್ ಬರುತ್ತಿತ್ತು. ಈ ಕಡೆ ಪಾನಬಂದಿ. ಆ ಕಡೆ ಬೇಕಾದಷ್ಟು ಫೆನಿ, ಗೇರುಹಣ್ಣಿನ ಸಾರಾಯಿ. ಆದ್ದರಿಂದ ಗಡಿ ದಾಟಿ ಒಂದು ಬಾಟಲಿ ತರುತ್ತಿದ್ದ. ಗಡಿ ಮುಚ್ಚುವ ಮೊದಲು ಗೋವೆಯ ರೈಲಿನವನೊಬ್ಬ ಕೊಟ್ಟಿದ್ದ ಹಿತ್ತಾಳೆ ಗುಂಡಿಯ ದಪ್ಪ ಕೋಟು ಮೈಮೇಲಿತ್ತು.

"ಕೈ ಮ್ಯಾಲ!" ಎಂದು ಅಂದಾನೆಪ್ಪ ಪೊದೆಯಿಂದ ಜಿಗಿದ. "ಯಾವ ದೇಶ ನಿಂದು?"

"ಇದ ದೇಶರಿ."

"ಹೆಸರು?"

"ಬಸ್ತ್ಯಾಂವ."

ಅಂದಾನೆಪ್ಪ ತನ್ನ ಪೇದೆ ಸಾತಪ್ಪನ ಕಡೆ ತಿರುಗಿ ಹುಬ್ಬು ಹಾರಿಸಿದ. "ಕೇಳಿದೇನು? ಹೆಸರು ಅವರದ, ಕೋಟೂ ಅವರದ. ಕನ್ನಡಾ ಎಷ್ಟು ಚಲೋ ಕಲಿಸಿ ಕಳಿಸ್ಯಾರ ನೋಡು!"

ಸಾತಪ್ಪ ಹಳಿಯಾಳದವನು. ಬಸ್ತ್ಯಾಂವನ ಮನೆಯಲ್ಲಿ ಎಷ್ಟೋ ಸಲ ಜೇನುತುಪ್ಪ ತಿಂದವನು. ಆದರೆ ಅಂದು ಬೆಳಗ್ಗೆ ಫೌಜದಾರ ಅವನಿಗೆ, ಕೇಳಿದರಷ್ಟೇ ಬಾಯಿ ತೆಗೆಯಬೇಕೆಂದು ಗದರಿಸಿದ್ದ. ಆ ಹುಕುಮನ್ನು ಸಾತಪ್ಪ ಚಾಚೂ ತಪ್ಪದೆ ಪಾಲಿಸಿದ. ಕೈ ಕಟ್ಟುವಾಗ ಮಾತ್ರ ಕೈದಿಯ ಕಿವಿಯ ಹತ್ತಿರ ಬಗ್ಗಿದ.

"ಕೋಟಿನ್ಯಾಗ ಏನೈತಿ?"

"ಫೆನಿ."

"ಹಂಗಾರ ವಿಚಾರ ಮಾಡು. ಫೆನಿ ತಂದಾವ ಅಂದ್ರ ಕಾರವಾರದ ಜೇಲು. ಸಿಪಾಯಿ ಅಂದ್ರ ಕರಾರಿನ ಪ್ರಕಾರ ದಂಡಿನವರ ಕೋಳಿ ಊಟ."

ಬಸ್ತ್ಯಾಂವ ಬಹಳ ಹೊತ್ತು ವಿಚಾರ ಮಾಡಲಿಲ್ಲ. ತಲೆ ತಗ್ಗಿಸಿ, "ಸಾಹೇಬ್ರ, ಸಿಕ್ಕಿಬಿದ್ದೆ. ನಾ ಪೋರ್ಚುಗೀಸ ಸಿಪಾಯಿ" ಎಂದ. ಬಾಟಲಿ ಏನೆಂದು ಕೇಳಿದ್ದಕ್ಕೆ ಗಾಯಕ್ಕೆ ಹಚ್ಚುವ ಔಷಧಿ ಎಂದ. ಅಂದಾನೆಪ್ಪ ಬಿರಡೆ ತೆಗೆದು ಮೂಸಿದ. ಕಣ್ಣಲ್ಲಿ ನೀರು ಬಂತು. ನಂಬಿದ.

ತಂತಿ ಹೋಯಿತು: ಶತ್ರು ಸೈನಿಕ ಸೆರೆ. ಆಮೇಲೆ ಕೋಳಿಯ ಏರ್ಪಾಡು. ಅಂದಾನೆಪ್ಪ ಲಿಂಗ ಕಟ್ಟಿದವನು, ಮೊಟ್ಟೆಯನ್ನೂ ಮುಟ್ಟಿದವನಲ್ಲ. ದೇಶದ ಮರ್ಯಾದೆಯ ಪ್ರಶ್ನೆ ಎಂದು ಕೈದಿಯ ಕಟ್ಟು ಬಿಚ್ಚಿಸಿ, ಸಾತಪ್ಪನನ್ನು ಕಳಿಸಿ ಕೋಳಿ ತರಿಸಿದ. ಅದು ಬೇಯುವವರೆಗೆ ಮೂಗಿಗೆ ಟವೆಲ್ ಹಿಡಿದು ಒಲೆಗೆ ಬೆನ್ನು ಹಾಕಿ ಕೂತ. ಅನ್ನಕ್ಕಿಂತ ಕೋಳಿಯೇ ಜಾಸ್ತಿ ಇದ್ದ ಆ ಊಟವನ್ನು ಬಸ್ತ್ಯಾಂವ ಕಣ್ಣು ಮುಚ್ಚಿ ಉಂಡ. ರುಚಿ ನೋಡುವ ಹೊಣೆ ಸಾತಪ್ಪನದು.

ಅಷ್ಟರಲ್ಲಿ ಬಸ್ತ್ಯಾಂವನ ಹೆಂಡತಿ ಲೂಸಿ ಹುಡುಕಿಕೊಂಡು ಬಂದಳು. ಮನೆಯ ಅಂಗಳದಲ್ಲಿ ಭತ್ತದ ಮೆದೆ ಒಕ್ಕದೆ ಬಿದ್ದಿತ್ತು. ಗಂಡ ನೋಡಿದರೆ ಮತ್ತಿ ಮರದ ನೆರಳಲ್ಲಿ ಕಾಲು ಚಾಚಿ ಸಿಗರೇಟು ಸೇದುತ್ತಿದ್ದಾನೆ! ಬೈಯಲು ಬಾಯಿ ತೆಗೆದಳು. ಬಸ್ತ್ಯಾಂವ ಕಣ್ಣು ಮಿಟುಕಿಸಿದ.

"ಹತ್ರ ಬರಬ್ಯಾಡವಾ," ಎಂದ ಅಂದಾನೆಪ್ಪ. "ಈತ ಯುದ್ಧಕೈದಿ. ಯುದ್ಧ ಮುಗಿಯೂತನಕ ಸರ್ಕಾರದ ಅತಿಥಿ."

"ಕೆಲಸಗಿಲಸ ಮಾಡಸಂಗಿಲ್ಲೇನ್ರಿ?"

"ಕರಾರಿನ ಪ್ರಕಾರ ಆರಾಮ ಇಡಬೇಕು."

ಲೂಸಿ ಗಂಡನನ್ನೂ ಖಾಲಿ ಪಾತ್ರೆಯನ್ನೂ ಒಂದು ಸಲ ನೋಡಿದಳು. "ಈ ಮನಷ್ಯಾನ್ನ ನಾ ನೋಡೇ ಇಲ್ರಿ" ಎಂದು ಬಂದ ದಾರಿಯಲ್ಲೇ ಹೋದಳು. ಬಸ್ತ್ಯಾಂವನಿಗೆ ತುಸು ಭಯವಾಯಿತು. ಅವಳು ಬೈಯದೆ ಹೋದದ್ದು ಇದೇ ಮೊದಲು.

ಮರುದಿನ ಅವಳು ಒಬ್ಬಳೇ ಬರಲಿಲ್ಲ. ಕೋಲಿಗೆ ಬಿಳಿ ಪಂಚೆ ಕಟ್ಟಿಕೊಂಡು ಅದೇ ಹಳ್ಳಿಯ ಸಿದ್ದಿ ಗಂಗಾರಾಮ ಮುಂದೆ, ನೆರೆಮನೆಯ ಕಾಶೀಮ ಅವನ ಹಿಂದೆ, ಅವರ ಹಿಂದೆ ಹಳ್ಳಿಯ ಉಳಿದ ಸಿದ್ದಿ ಗಂಡಸರು. ಕೊನೆಯಲ್ಲಿ ಲೂಸಿ, ದನ ಹೊಡೆದುಕೊಂಡು ಬಂದವಳ ಹಾಗೆ.

"ಸಾಹೇಬ್ರ, ನಾವೆಲ್ಲಾ ಪೋರ್ಚುಗೀಸ ಪಲ್ಟಣದವ್ರು," ಎಂದ ಗಂಗಾರಾಮ. "ಶರಣಾಗಾಕ ಬಂದೇವಿ. ಊಟಾ ಎಷ್ಟೊತ್ತಿಗ್ರಿ?"

ಅಂದಾನೆಪ್ಪನ ಎದೆ ಉಬ್ಬಿತು. ಒಬ್ಬೊಬ್ಬರ ಹೆಸರು ಕೇಳುತ್ತ ಬಂದಂತೆ ಅದು ಸ್ವಲ್ಪ ಇಳಿಯಿತು. "ಗಂಗಾರಾಮ? ಕಾಶೀಮ? ಪೋರ್ಚುಗೀಸರ ಪಲ್ಟಣದಾಗ ಹಿಂದೂ, ಮುಸಲ್ಮಾನರೂ ಇರ್ತಾರೇನು?"

"ಅವರಿಗೆ ಮಂದಿ ಕಡಿಮಿ ಬಿದ್ದಾರರಿ," ಎಂದ ಕಾಶೀಮ.

ದೊಡ್ಡ ಹಂಡೆಯನ್ನು ಒಲೆಗೇರಿಸುವ ಹೊತ್ತಿಗೆ, ತಂತಿ ಕಂಡು ಸೈನ್ಯದ ಜೀಪು ಬಂತು. ಇಳಿದವರು ಕೊಡಗಿನ ಕಡೆಯ ಒಬ್ಬ ಮೇಜರ್, ಕನ್ನಡ ಬಲ್ಲವರು. ಸಾಲಾಗಿ ಕೂತ ಪಲ್ಟಣವನ್ನು ನೋಡಿದರು. ಗಂಗಾರಾಮನ ಸೊಂಟದ ಕೊಡಲಿ, ಕಾಶೀಮನ ಕಾಲಿನ ಗದ್ದೆಯ ಕೆಸರು, ಎಲ್ಲರಿಗೂ ಹಿಂದೆ ಕಾಯುತ್ತ ನಿಂತ ಲೂಸಿ. ಮೀಸೆ ಅಲುಗಿತು, ನಗಲಿಲ್ಲ.

"ಭೇಷ್ ಫೌಜದಾರ್ರೇ. ಇವರನ್ನು ಬೆಳಗಾವಿಗೆ ಕಳಿಸೋಣ. ಯುದ್ಧ ಮುಗಿದ ಮೇಲೆ ಕರಾರಿನ ಪ್ರಕಾರ ಅವರವರ ದೇಶಕ್ಕೆ ವಾಪಸ್. ಮುಂಬೈಯಿಂದ ಹಡಗು ಹತ್ತಿಸಿದರಾಯಿತು."

"ಹಡಗಾ?" ಬಸ್ತ್ಯಾಂವ ಎದ್ದು ನಿಂತ.

"ಹೌದು. ಪೋರ್ಚುಗೀಸರ ಹಡಗು."

ಬಸ್ತ್ಯಾಂವನ ಮುಖದ ತುಂಟತನವೆಲ್ಲ ಇಳಿದುಹೋಯಿತು. "ನಾ ಹತ್ತಂಗಿಲ್ರಿ. ನಮ್ಮ ಮುತ್ತಜ್ಜನ್ನ ಅವ್ರು ಹಡಗಿನ್ಯಾಗ ಕಟ್ಟಿಹಾಕಿ ತಂದು ಗೋವಾದಾಗ ಮಾರಿದ್ರಂತ. ಅಂವಾ ತಪ್ಪಿಸಿಕೊಂಡು ಈ ಅಡವಿ ಸೇರಿದ. ನಾ ತಿರುಗಿ ಆ ಹಡಗ ಹತ್ತಲೇನ್ರಿ? ನಾ ಸಿಪಾಯಿ ಅಲ್ಲ. ಅದು ಔಷಧಿ ಅಲ್ಲ, ಫೆನಿ. ಜೇಲಿಗೆ ಬೇಕಾದ್ರ ಹಾಕ್ರಿ."

ಬಾಟಲಿ ಮೇಜರರ ಕೈಗೆ ಬಂತು. ಅವರೂ ಮೂಸಿದರು, ಅವರ ಕಣ್ಣಲ್ಲಿ ನೀರು ಬರಲಿಲ್ಲ.

"ಔಷಧಿ ಹೌದೋ ಅಲ್ಲವೋ ನಾನೇ ಪರೀಕ್ಷೆ ಮಾಡಿಸ್ತೇನೆ," ಎಂದು ಅದನ್ನು ಜೀಪಿನಲ್ಲಿಟ್ಟರು. ಅಂದಾನೆಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಕೇಸು ಬರೆದರೆ ಕೋಳಿಯ ಸಂಗತಿಯೂ ಬರೆಯಬೇಕಾಗುತ್ತೆ" ಎಂದರು.

ಅಂದಾನೆಪ್ಪ ಕೇಸು ಬರೆಯಲಿಲ್ಲ. ಕಿವಿಯವರೆಗೂ ಕೆಂಪಾಗಿ ಸಾತಪ್ಪನಿಗೆ, "ನಿನಗ ಮೊದಲ ಗೊತ್ತಿತ್ತೇನು?" ಎಂದ.

"ನೀವು ಕೇಳಲಿಲ್ರಿ," ಎಂದ ಸಾತಪ್ಪ.

ಲೂಸಿ ಪಲ್ಟಣವನ್ನು ನೇರ ತನ್ನ ಅಂಗಳಕ್ಕೇ ಹೊಡೆದುಕೊಂಡು ಹೋದಳು. ಸಂಜೆಯೊಳಗೆ ಭತ್ತವೆಲ್ಲ ಒಕ್ಕಿ ಮುಗಿಯಿತು. ಶರಣಾಗಿಯೂ ಉಪವಾಸ ಬಿದ್ದೆನೆಂದು ಕಾಶೀಮ ಗೊಣಗುತ್ತಲೇ ಇದ್ದ.

ಕೆಲವು ದಿನಗಳಲ್ಲಿ ದಂಡು ಹೊರಟಿತು. ಯುದ್ಧ ಶುರುವಾಯಿತೆಂದು ತಿಳಿಯುವುದರೊಳಗೆ ಮುಗಿದೂ ಹೋಯಿತು. ಆ ಗದ್ದಲದಲ್ಲಿ ಅಂದಾನೆಪ್ಪನ ತಂತಿಯ ಬಗ್ಗೆ ಮತ್ತೆ ಯಾರೂ ವಿಚಾರಿಸಲಿಲ್ಲ.

ಕ್ರಿಸ್ಮಸ್ ದಿನ ಅವನು ಬಸ್ತ್ಯಾಂವನ ಮನೆಗೆ ಬಂದ, ಕರೆಯದೆಯೇ. ಒಳಗೆ ಮಾಂಸ ಬೇಯುತ್ತಿದ್ದುದರಿಂದ ಅಂಗಳದಲ್ಲೇ ಕೂತ. ಲೂಸಿ ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿ ತಂದಿಟ್ಟಳು. ಅವನು ತಟ್ಟೆಯನ್ನೇ ನೋಡುತ್ತ ಕೇಳಿದ: "ನಿಮ್ಮ ಮುತ್ತಜ್ಜನ ಹೆಸರೇನಿತ್ತು?"

"ಯಾರಿಗೂ ಗೊತ್ತಿಲ್ರಿ," ಎಂದ ಬಸ್ತ್ಯಾಂವ. "ಓಡಿ ಬಂದಾವ ಅಂತಷ್ಟ ಗೊತ್ತು."

"ಚಲೋ ಓಡ್ಯಾನ ನೋಡ್ರಿ," ಎಂದಳು ಲೂಸಿ. "ಈತಗ ನಾಕಾ ದಾಟಾಕ ಬರಂಗಿಲ್ಲ."

ಅಂದಾನೆಪ್ಪ ಆ ಊರಿಗೆ ಬಂದ ಮೇಲೆ ಮೊದಲ ಸಲ ಜೋರಾಗಿ ನಕ್ಕ. ಆಮೇಲೆ ಇನ್ನೂ ಸ್ವಲ್ಪ ಅವಲಕ್ಕಿ ಹಾಕಿಸಿಕೊಂಡ.