ಕಾರವಾರಕ್ಕೆ ಹೊರಟ ಹಾಲು

ಹೂವಿನ ಹಿಪ್ಪರಗಿಯ ಗೌಡ ಬಸಂತರಾಯರ ಮನೆಯಲ್ಲಿ ಆ ವಾರವೆಲ್ಲ ಒಂದೇ ಮಾತು: ಕಾರವಾರದಲ್ಲಿ ಎಲ್ಲಿ ಇಳಿದುಕೊಳ್ಳುವುದು? ಬಾಣಂತನದಲ್ಲಿ ಸೊರಗಿದ ಸೊಸೆ ಕಸ್ತೂರೆವ್ವನಿಗೆ ಕಡಲ ಗಾಳಿ ಬೇಕೆಂದು ವಿಜಾಪುರದ ಡಾಕ್ಟರು ಹೇಳಿದ್ದರು. ಅವಳ ನೆಪದಲ್ಲಿ ಇಡೀ ಮನೆಗೆ ಸಮುದ್ರ ನೋಡುವ ಹುಕಿ ಹತ್ತಿತ್ತು.

"ಲಾಡ್ಜಿನಾಗ ಇಳಿಯೋಣು," ಎಂದ ಮಗ ರಾಚಪ್ಪ. "ಹಾಸಿಗಿ ಮ್ಯಾಲ ಕುಂತ್ರ ತೆರಿ ಕಾಣತಾವು."

"ಮ್ಯಾಲ ತೆರಿ ಕಾಣತಾವು, ಕೆಳಗ ಅಡಗಿಮನ್ಯಾಗ ಮೀನ ಕಾಣತಾವು," ಎಂದಳು ತಾಯಿ ಹೊನ್ನವ್ವ. "ಲಿಂಗ ಕಟ್ಟಿದ ಮೈಗೆ ಆ ನಾತ ಬ್ಯಾಡಪ್ಪ."

"ಲಿಂಗಕ್ಕ ಮೂಗೈತೇನ ಯವ್ವಾ?"

ಬಸಂತರಾಯರಿಗೆ ನಗೆ ಬಂತು. ನಕ್ಕು ಮುಗಿಸಿ ತೀರ್ಮಾನ ಹೇಳಿದರು: "ನಮ್ಮವರ ಧರ್ಮಶಾಲಿ ಐತಿ. ಬಾವಿ ನಮ್ಮದ, ಒಲಿ ನಮ್ಮದ. ಕಿಡಕಿ ತಗದ್ರ ಸಮುದ್ರ. ಅಲ್ಲೇ ಒಂದ ತಿಂಗಳ ಇರೋಣು."

ಕುರುಬರ ಸಾತವ್ವ ಹೊಸ್ತಿಲಾಚೆ ಕೂತು ಗೌಡರ ಮೊಮ್ಮಗನಿಗೆ ಮೊಲೆ ಕೊಡುತ್ತಿದ್ದಳು. ಕಸ್ತೂರೆವ್ವನ ಎದೆ ಬತ್ತಿದಂದಿನಿಂದ ಇದು ಅವಳ ಕೆಲಸ. ಅವಳ ಸ್ವಂತ ಮಗಳು ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ತನ್ನ ಪಾಳಿಗೆ ಕಾಯುತ್ತಿದ್ದಳು. ಸಾತವ್ವ ಮುಟ್ಟಿದ ಕೊಡದ ನೀರನ್ನು ಆ ಮನೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಹಾಲಿಗೆ ಮಾತ್ರ ಮೈಲಿಗೆಯಿಲ್ಲವೆಂದು ಹೊನ್ನವ್ವ ಹೇಳಿದ್ದಳು. ಉಳ್ಳವರ ಮನೆಯ ಶಾಸ್ತ್ರ ಸಾಕಿದ ನಾಯಿಯಂತೆ, ಕರೆದಾಗ ಬರುತ್ತದೆ.

"ಮತ್ತ ಇಕಿ ಎಲ್ಲಿ ಮಲಗ್ತಾಳ?" ರಾಚಪ್ಪ ಕೇಳಿದ.

"ಬ್ಯಾರೆ ಮಂದೀನ ಒಳಗ ಬಿಡೂದಿಲ್ಲ. ಹೊರಗ ಪಡಸಾಲಿ ಐತಲ್ಲ, ಗಂಟುಮೂಟಿ ಕಾಯಾಕೂ ಆತು," ಎಂದಳು ಹೊನ್ನವ್ವ.

ಸಾತವ್ವ ತಲೆಯೆತ್ತಿದಳು. "ನನ್ನ ಕೂಸಿಗೂ ಅಲ್ಲೇ ಜಾಗ ಏನ್ರಿ ಅವ್ವಾರ?"

"ಅದ್ಯಾಕ ಬರ್ತೈತಿ? ಅಲ್ಲಿ ಹೋಗಿ ಎರಡು ಬಾಯಿಗೆ ಹಂಚಿಗೋತ ಕುಂದ್ರತೀಯೇನು? ನಿಮ್ಮತ್ತಿ ಕಡೆ ಬಿಡು. ಮನ್ಯಾಗ ಆಡು ಅದಾವಲ್ಲ."

"ಮೊದಲಿನ ಕೂಸನ್ನ ಆಡಿನ ಹಾಲಿನ ಮ್ಯಾಲ ಬಿಟ್ಟ ನಿಮ್ಮ ಹತ್ತಿ ಬಿಡಸಾಕ ಬಂದಿದ್ನಿರಿ. ಮಣ್ಣ ಮಾಡಿ ಬಂದ್ವಿ. ಇದನ್ನ ಬಿಟ್ರ ಇದೂ ಉಳಿಯೂದಿಲ್ರಿ."

"ಉಳಿಸೂದು ಬಿಡೂದು ಶಿವನ ಕೈಯಾಗೈತಿ."

"ಹಂಗಾದ್ರ ನಿಮ್ಮ ಮೊಮ್ಮಗನ್ನೂ ಶಿವನ ಕೈಯಾಗ ಕೊಡ್ರಿ."

ಒಳಗೆ ಮಲಗಿದ್ದ ಕಸ್ತೂರೆವ್ವ ಕೆಮ್ಮಿದಳು.

"ಜೀತ ತಗದೇವಂತ ರೇಡಿಯೋದಾಗ ದಿನಾ ಹೊಯ್ಕೋತಾರಲ್ಲ," ರಾಚಪ್ಪ ಹಲ್ಲು ಕಿರಿದ. "ಇಕಿ ಕಿವಿಗೂ ಬಿದ್ದೈತಿ."

"ಇಕಿ ಎಲ್ಲಿ ಜೀತದಾಕಿ?" ಬಸಂತರಾಯರು ಮೀಸೆಯ ಮೇಲೆ ಕೈಯಾಡಿಸಿದರು. "ಮನಿ ಮಗಳಿದ್ದಂಗ."

"ಮನಿ ಮಗಳ ಕೂಸಿಗೆ ಮನ್ಯಾಗ ಜಾಗ ಇರತಿತ್ರಿ ಗೌಡ್ರ."

ಸಾತವ್ವ ಅವಸರ ಮಾಡಲಿಲ್ಲ. ಕೂಸು ತಾನಾಗಿ ಮೊಲೆ ಬಿಡುವತನಕ ಕೂತಳು. ಬಾಯಿ ಒರೆಸಿ, ಹೊಸ್ತಿಲ ಒಳಗೆ ಕೌದಿಯ ಮೇಲೆ ಮಲಗಿಸಿದಳು. "ಇದರ ಹೊಟ್ಟಿ ತುಂಬೇತ್ರಿ. ಮುಂದಿನ ಹಸಿವು ನೀವು ನೋಡ್ಕೋರಿ," ಎಂದವಳೇ ಜೋಳಿಗೆ ಬಿಚ್ಚಿ ಮಗಳನ್ನೆತ್ತಿಕೊಂಡು ಹೋದಳು.

ಗೌಡರು ಅವಳನ್ನು ಬೈಯಲಿಲ್ಲ. ಅವಳ ಗಂಡ ಬೀರಣ್ಣನಿಗೆ ಆಳಿನ ಕೈಯಲ್ಲಿ ಹೇಳಿ ಕಳಿಸಿದರು, ಅಷ್ಟೆ. ಸುಗ್ಗಿ ಮುಗಿದ ಮೇಲೆ ಕುರುಬರು ತಮ್ಮ ಹಿಂಡನ್ನು ರೈತರ ಹೊಲದಲ್ಲಿ ತರುಬುತ್ತಾರೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ, ಜೋಳ ಕುರುಬನಿಗೆ. ಹಿಂಡು ಯಾರ ಹೊಲದಲ್ಲಿ ನಿಲ್ಲಬೇಕು, ನಿಲ್ಲಬಾರದು ಎಂಬುದು ಊರಲ್ಲಿ ಗೌಡರ ಮಾತಿನ ಮೇಲೆ ನಡೆಯುತ್ತಿತ್ತು.

ಬೀರಣ್ಣ ಉರಿಯುತ್ತ ಮನೆಗೆ ಬಂದ. "ಹೊತ್ತ ಮುಳುಗೂದ್ರಾಗ ಕುರಿ ಎಬ್ಬಸು ಅಂದಾರ. ಯಾವ ಹೊಲದಾಗೂ ನಿಂದ್ರಸಬಾರದಂತ. ಒಂದ ತಿಂಗಳ ಹೋಗಿ ಬಂದಿದ್ರ ನಿನ್ನ ಗಂಟೇನ ಹೋಗ್ತಿತ್ತು?"

"ನನ್ನ ಗಂಟು ಇಲ್ಲೇ ಐತಿ, ನೋಡು." ಸಾತವ್ವ ಮಗಳನ್ನು ಅವನ ಮುಂದೆ ಹಿಡಿದಳು. "ಮೊದಲಿನಕಿಗೆ ಕುಣಿ ತೋಡಿದಾಂವ ನೀನ. ಇನ್ನೊಂದ ತೋಡತೀಯೇನು? ಹೇಳು, ಈಗ ಹೋಗ್ತೇನಿ."

ಬೀರಣ್ಣ ಕಂಬಳಿ ಹೆಗಲಿಗೆ ಹಾಕಿಕೊಂಡು, ಹಿಂಡು ಹೊಡೆದುಕೊಂಡು ತಂಗಡಗಿಯ ಹೊಳೆಯ ಕಡೆ ಹೊರಟ. ಬೆಳಗಾದ ಮೇಲೆ ಕೂಸಿನೊಂದಿಗೆ ಅವಳು ಹಿಂದಿನಿಂದ ಬರುವುದೆಂದಾಯಿತು.

ಬೆಳಿಗ್ಗೆ ಅವಳು ಗಂಟು ಕಟ್ಟುತ್ತಿದ್ದಾಗ ಅದೇ ಓಣಿಯ ಕೂಲಿ ಹೆಂಗಸು ಸಿದ್ದಲಿಂಗವ್ವ ಬಂದು ಬಾಗಿಲಲ್ಲಿ ನಿಂತಳು. ಸೆರಗಿನಲ್ಲಿ ಅವಳ ಎಳೆಯ ಮಗ.

"ಗೌಡ್ರು ನನಗ ಕಾರವಾರಕ್ಕ ಬಾ ಅಂತ ಹೇಳಿ ಕಳಿಸ್ಯಾರ. ನಮ್ಮಾಂವ ಹೂಂ ಅಂದಾನ."

"ಥೂ! ನೀ ಹೋಗ್ಲಿ ಅಂತ ನಾ ಒಲ್ಲೆ ಅಂದ್ನೇನ? ಇಡೀ ಓಣಿ ಒಲ್ಲೆ ಅಂದಿದ್ರ ಏನ ಮಾಡ್ತಿದ್ರು ಅವರು?"

"ನಿಮಗ ಹೊಡಕೊಂಡ ಹೋಗಾಕ ಕುರಿ ಅದಾವ. ನಮ್ಮ ಮನಿ ನಿಂತ ಜಾಗಾನ ಅವರದು. ಮನಿ ಹೊತಗೊಂಡ ಹೋಗ್ಲೇನ?" ಸಿದ್ದಲಿಂಗವ್ವ ಕೂಸನ್ನು ಮುಂದೆ ಚಾಚಿದಳು. "ಬೈಯಿ, ಎಷ್ಟ ಬೇಕಾದ್ರೂ ಬೈಯಿ. ಆದ್ರ ಇವನ್ನ ಹಿಡಕೋ. ನಮ್ಮತ್ತಿಗೆ ಕಣ್ಣ ಕಾಣೂದಿಲ್ಲ."

"ನಾ ಹೊಳಿಗೆ ಹೊಂಟೇನಿ."

"ಎಲ್ಲಿಗರೆ ಒಯ್ಯಿ. ಜೀವಂತ ಇರಲಿ."

ಕೂಸನ್ನು ಅವಳ ಮಡಿಲಿಗಿಟ್ಟು ಸಿದ್ದಲಿಂಗವ್ವ ತಿರುಗಿ ನೋಡದೆ ನಡೆದಳು. ಗೌಡರ ಮನೆಯ ಮುಂದೆ ಜೀಪಿಗೆ ಹಾಸಿಗೆ ಸುರುಳಿ, ರೊಟ್ಟಿಯ ಬುಟ್ಟಿ, ಕುಡಿಯುವ ನೀರಿನ ಕೊಡ ಏರಿದ್ದವು. ಕಿಟಕಿಯ ಕಡೆಯ ಖೋಲಿ ತನಗೇ ಬೇಕೆಂದು ರಾಚಪ್ಪ ತಾಯಿಯೊಡನೆ ಇನ್ನೂ ಜಗಳಾಡುತ್ತಿದ್ದ. ಜೀಪು ಓಣಿಯ ಬಾಯಿ ದಾಟುವಾಗ ಸಾತವ್ವನಿಗೆ ಸಿದ್ದಲಿಂಗವ್ವ ಕಂಡಳು: ಹಿಂದೆ, ಹಾಸಿಗೆ ಸುರುಳಿಗಳ ನಡುವೆ, ಎದೆಗೆ ಗೌಡರ ಮೊಮ್ಮಗ.

ಸಾತವ್ವ ಸಿದ್ದಲಿಂಗವ್ವನ ಹುಡುಗನಿಗೆ ಮೊಲೆ ಕೊಟ್ಟಳು. ಅವನು ಮೂಸಿ ಮೋರೆ ತಿರುವಿದ. ಮತ್ತೆ ಕೊಟ್ಟಳು. ತಾಯಿಯದಲ್ಲವೆಂದು ತಿಳಿದು ಚೀರತೊಡಗಿದ. ಅವನ ಚೀರಾಟಕ್ಕೆ ಮಗಳೂ ಎದ್ದು ಅಳತೊಡಗಿದಳು.

ಬಿಸಿಲೇರುತ್ತಿತ್ತು. ಮಗಳನ್ನು ಬೆನ್ನಿಗೆ, ಹುಡುಗನನ್ನು ಎದೆಗೆ ಕಟ್ಟಿಕೊಂಡು ಸಾತವ್ವ ತಂಗಡಗಿ ದಾರಿ ಹಿಡಿದಳು. ಊರು ದಾಟುವವರೆಗೂ ಅವನು ಅಳುತ್ತಿದ್ದ. ಊರು ದಾಟಿದ ಮೇಲೂ ಅಳುತ್ತಿದ್ದ.